ಫಾಲೋ-ಅಪ್ ಪ್ರಶ್ನಾವಳಿ ವಾಪಸ್ ಬರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಆರೋಗ್ಯ ಅಧ್ಯಯನಗಳಲ್ಲಿ ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಮನೆಗೇ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೊದಲ ಸುತ್ತಿನಲ್ಲಿ ಎಲ್ಲರೂ ಉತ್ತರ ಕೊಟ್ಟಿರುತ್ತಾರೆ. ಒಂದು ವರ್ಷದ ಫಾಲೋ-ಅಪ್‌ಗೆ ಮುಕ್ಕಾಲು ಪಾಲು ಜನ ಸಿಗುತ್ತಾರೆ, ಎರಡನೇ ವರ್ಷಕ್ಕೆ ಅದು ಅರ್ಧಕ್ಕೆ ಬಂದು ನಿಲ್ಲುತ್ತದೆ. ತಂಡದ ಮೀಟಿಂಗಿನಲ್ಲಿ ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಜನಕ್ಕೆ ಇಂಟರೆಸ್ಟ್ ಇಲ್ಲ ಸಾರ್, ಇನ್ನೊಂದು ರಿಮೈಂಡರ್ ಕಳಿಸೋಣ."

ಆ ಮಾತಿಗೆ ಒಪ್ಪುವ ಮುನ್ನ ಇದನ್ನು ಓದಿ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಅವರು ಒಲ್ಲೆ ಅಂದರು ಎಂದಲ್ಲ. ಬಹಳಷ್ಟು ಸಲ ಪ್ರಶ್ನಾವಳಿ ಅವರ ಕೈಗೆ ಮುಟ್ಟಿಯೇ ಇರುವುದಿಲ್ಲ. ಮೊದಲನೆಯದು ಮುಟ್ಟದ ವಿಳಾಸಕ್ಕೆ ಎರಡನೆಯದೂ ಮುಟ್ಟುವುದಿಲ್ಲ. ರಿಮೈಂಡರ್ ಒಳ್ಳೆಯ ಮದ್ದೇ, ಆದರೆ ಎಲ್ಲ ಕಾಯಿಲೆಗೂ ಅದನ್ನೇ ಕೊಡುವುದು ನಮ್ಮ ಫೀಲ್ಡ್ ಕೆಲಸಕ್ಕೆ ಅಂಟಿದ ಹಳೆಯ ಚಾಳಿ.

ಅವಸರ ಯಾಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಗುಣಾಕಾರ ಸಾಕು. ಪ್ರತಿ ಸುತ್ತಿನಲ್ಲೂ ಶೇ 90 ಮಂದಿ ಉಳಿದು, ಬಿಟ್ಟುಹೋದವರು ಮತ್ತೆ ಬರಲಿಲ್ಲ ಎಂದಿಟ್ಟುಕೊಂಡರೆ, ಐದನೇ ಸುತ್ತು ಮುಗಿಯುವಾಗ ಉಳಿಯುವುದು ಶೇ 59. ಶೇ 95 ಉಳಿಸಿಕೊಂಡರೆ ಶೇ 77. ಒಂದು ವರ್ಷದ ವರದಿಯಲ್ಲಿ ಈ ಐದು ಅಂಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಛೇದ ಸರಿಯಿದೆಯೇ ನೋಡಿ

ಪ್ರಮಾಣ ಇಳಿದಿದೆ ಎನ್ನುವ ಮುನ್ನ, ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಿದ್ದೀರಿ ಎಂದು ಕೇಳಿಕೊಳ್ಳಿ. ಉದಾಹರಣೆಗೆ, ಸೇರಿದವರು 1,000. ಅವರಲ್ಲಿ 40 ಮಂದಿ ತೀರಿಕೊಂಡಿದ್ದಾರೆ, 25 ಮಂದಿ ಅಧ್ಯಯನದಿಂದ ಹೊರಗೆ ಹೋಗುತ್ತೇವೆ ಎಂದು ಬರೆದುಕೊಟ್ಟಿದ್ದಾರೆ. ಬಂದ ಉತ್ತರ 560. ಸಾವಿರದಿಂದ ಭಾಗಿಸಿದರೆ ಶೇ 56, ಉತ್ತರ ಕೊಡಲು ಸಾಧ್ಯವಿದ್ದ 935ರಿಂದ ಭಾಗಿಸಿದರೆ ಸುಮಾರು ಶೇ 60. ಹೋದ ವರ್ಷ ಒಬ್ಬರು ಒಂದು ಬಗೆಯಲ್ಲಿ, ಈ ವರ್ಷ ಹೊಸಬರು ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿದ್ದರೆ, ಕಾಣುತ್ತಿರುವ ಇಳಿಕೆಯ ಒಂದಿಷ್ಟು ಪಾಲು ಬರೀ ಎಕ್ಸೆಲ್ ಹಾಳೆಯದು. ಅಮೆರಿಕದ ಸಾರ್ವಜನಿಕ ಅಭಿಪ್ರಾಯ ಸಂಶೋಧನಾ ಸಂಘ 1998ರಿಂದ ಪ್ರಕಟಿಸುತ್ತಿರುವ ಪ್ರಮಾಣಿತ ವ್ಯಾಖ್ಯೆಗಳಲ್ಲಿ ಪ್ರತಿಕ್ರಿಯಾ ಪ್ರಮಾಣವನ್ನು ಲೆಕ್ಕ ಹಾಕುವ ಆರು ಬಗೆಗಳಿವೆ. ನಿಮಗೆ ಒಂದು ಸಾಕು, ಆದರೆ ಎಲ್ಲ ಸುತ್ತಿಗೂ ಅದೇ ಇರಲಿ.

ಆಮೇಲೆ ಪ್ರತಿಯೊಂದು ಐಡಿಯ (ಸೇರಿದ ಪ್ರತಿಯೊಬ್ಬರಿಗೂ ಕೊಟ್ಟ ಸಂಖ್ಯೆಯ) ಮುಂದೆಯೂ ಒಂದೇ ಒಂದು ಸ್ಥಿತಿ ಬರೆಯಿರಿ: ಪೂರ್ತಿ ತುಂಬಿ ಬಂದಿದೆ, ಅರ್ಧ ತುಂಬಿದೆ, ಮುಟ್ಟಿದೆ ಆದರೆ ಉತ್ತರವಿಲ್ಲ, ಮುಟ್ಟಿಲ್ಲ, ಮುಟ್ಟಿತೋ ಇಲ್ಲವೋ ತಿಳಿಯದು, ಬೇಡ ಅಂದರು, ತೀರಿಕೊಂಡರು. ಈ ಪಟ್ಟಿ ಮಾಡಲು ಕೂತರೆ ಬಹುತೇಕ ತಂಡಗಳಿಗೆ ಗೊತ್ತಾಗುವುದು, ತಮ್ಮಲ್ಲಿ ಅತಿ ದೊಡ್ಡ ಗುಂಪು "ತಿಳಿಯದು" ಎಂಬುದೇ ಎಂದು. ಕಾಲ್ ಶೀಟಿನ ಉದ್ದಕ್ಕೂ ಆರ್‌ಎನ್‌ಆರ್, ಆರ್‌ಎನ್‌ಆರ್ ಎಂದು ಬರೆದಿರುತ್ತದೆ. ರಿಂಗ್ ಆಯಿತು, ಎತ್ತಲಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟನೇ ಸಲ ಎಂಬುದಿಲ್ಲ. ಆ ಗುಂಪನ್ನು ಬಿಡಿಸದೆ ಮುಂದಿನ ಯಾವ ಪರಿಹಾರಕ್ಕೂ ದುಡ್ಡು ಸುರಿಯಬೇಡಿ.

ಪ್ರಶ್ನಾವಳಿ ಮುಟ್ಟುತ್ತಿಲ್ಲ

ಅಂಚೆಯಲ್ಲಿ ಕಳಿಸುತ್ತಿದ್ದರೆ ವಾಪಸ್ ಬಂದ ಲಕೋಟೆಗಳನ್ನು ಮೂಲೆಗೆ ಒಟ್ಟಬೇಡಿ. ಅದರ ಮೇಲೆ ಪೋಸ್ಟ್‌ಮ್ಯಾನ್ ಗೀಚಿದ ಒಂದು ಸಾಲಿರುತ್ತದೆ: ಮನೆ ಬೀಗ ಹಾಕಿದೆ, ಊರು ಬಿಟ್ಟಿದ್ದಾರೆ, ಈ ಹೆಸರಿನವರಿಲ್ಲ, ತೆಗೆದುಕೊಳ್ಳಲು ನಿರಾಕರಿಸಿದ್ದಾರೆ, ಮೃತರು. ಇವು ಐದು ಬೇರೆ ಬೇರೆ ದೋಷಗಳು. ಬೀಗ ಹಾಕಿದ ಮನೆಗೆ ಇನ್ನೊಮ್ಮೆ ಕಳಿಸಬಹುದು. ಊರು ಬಿಟ್ಟವರಿಗೆ ಹೊಸ ವಿಳಾಸ ಹುಡುಕಬೇಕು. "ಈ ಹೆಸರಿನವರಿಲ್ಲ" ಎಂದಿದ್ದರೆ ತಪ್ಪು ಅನೇಕ ವೇಳೆ ನಮ್ಮದೇ. ದಾಖಲೆಯಲ್ಲಿ ಲಕ್ಷ್ಮಮ್ಮ, ಊರಿನಲ್ಲಿ ಎಲ್ಲರೂ ಕರೆಯುವುದು ಪುಟ್ಟಮ್ಮ. ಸೇರಿಸಿಕೊಳ್ಳುವ ದಿನವೇ "ಮನೆಯಲ್ಲಿ ಕರೆಯುವ ಹೆಸರೇನು, ಯಾರ ಮನೆ ಅಂತ ಕೇಳಿದರೆ ತೋರಿಸುತ್ತಾರೆ" ಎಂಬ ಒಂದು ಸಾಲು ತುಂಬಿಸಿಕೊಂಡಿದ್ದರೆ ಈ ತೊಂದರೆ ಹುಟ್ಟುತ್ತಲೇ ಇರಲಿಲ್ಲ. ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಪಿನ್ ಇವುಗಳಿಗೆ ಒಂದೊಂದು ಕಾಲಂ ಇರಲಿ. ಎಲ್ಲವನ್ನೂ ಒಂದೇ ಕಾಲಂನಲ್ಲಿ ತುರುಕಿದ ವಿಳಾಸ ಪ್ರಿಂಟ್ ಆಗುವಾಗ ಕೊನೆ ತುಂಡಾಗುತ್ತದೆ, ತುಂಡಾಗುವುದು ಸಾಮಾನ್ಯವಾಗಿ ಪಿನ್ ಕೋಡೇ.

ತಾಯಿ-ಮಗುವಿನ ಅಧ್ಯಯನ ನಡೆಸುವವರಿಗೆ ನಮ್ಮ ಕಡೆ ಇನ್ನೊಂದು ಖಾಯಂ ಗುಂಡಿ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುವಾಗ ಆಕೆ ಕೊಟ್ಟದ್ದು ತವರಿನ ವಿಳಾಸ, ಅಪ್ಪನ ಅಥವಾ ಅಣ್ಣನ ಫೋನ್ ನಂಬರ್. ಬಾಣಂತನ ಮುಗಿದ ಮೇಲೆ ಆಕೆ ಗಂಡನ ಮನೆಗೆ ಹೋಗುತ್ತಾಳೆ, ಅದು ಬೇರೆ ಜಿಲ್ಲೆಯೇ ಇರಬಹುದು. ಮಗುವಿಗೆ ಒಂದು ವರ್ಷ ತುಂಬಿದಾಗ ನೀವು ಕಳಿಸಿದ ಫಾರಂ ಅಜ್ಜಿಯ ಮನೆಯ ಗೂಡಿನಲ್ಲಿ ಕೂತಿರುತ್ತದೆ. ಹಾಗಾಗಿ ಎರಡು ವಿಳಾಸ, ಮೂರು ನಂಬರ್: ಆಕೆಯದು, ಗಂಡನದು, ತವರಿನ ಒಬ್ಬರದು. ಬೇರೆಯವರ ಮೂಲಕ ಸಂಪರ್ಕಿಸಬಹುದೇ ಎಂದು ಆಕೆಯನ್ನೇ ಕೇಳಿ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳಿ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಆ ಮಕ್ಕಳು ಬೆಳೆದು ದೊಡ್ಡವರಾಗುವವರೆಗೂ ಅವರನ್ನು ಹಿಂಬಾಲಿಸಿದೆ. ಅಷ್ಟು ದೀರ್ಘ ಕಾಲದ ಕೆಲಸಕ್ಕೆ ಒಂದು ವಿಳಾಸ ಯಾವ ಮೂಲೆಗೂ ಸಾಲದು. ಅಂಗನವಾಡಿ ಕಾರ್ಯಕರ್ತೆಗೋ ಆಶಾ ಕಾರ್ಯಕರ್ತೆಗೋ ಆಕೆ ಎಲ್ಲಿದ್ದಾಳೆ ಎಂಬುದು ಗೊತ್ತೇ ಇರುತ್ತದೆ. ಕೇಳುವಾಗ ಅಧ್ಯಯನದ ವಿಷಯ ಬಾಯಿಬಿಡಬೇಡಿ. ಎಚ್‌ಐವಿ, ಗರ್ಭಪಾತ, ಮಾನಸಿಕ ಆರೋಗ್ಯದ ಅಧ್ಯಯನಗಳಲ್ಲಿ ಆ ಒಂದು ಮಾತು ಊರೆಲ್ಲ ಸುತ್ತುತ್ತದೆ.

ಫೋನ್ ನಂಬರ್‌ಗಳಿಗೂ ಆಯುಸ್ಸು ಇದೆ. ರೀಚಾರ್ಜ್ ಮುಗಿದು ಸಂಪರ್ಕ ಕಡಿದುಹೋದ ನಂಬರನ್ನು ಕಂಪನಿ ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ, ಆಮೇಲೆ ಕೊಡಬಹುದು. ವರ್ಷಕ್ಕೊಮ್ಮೆ ಮಾತ್ರ ಕರೆ ಮಾಡುವ ಅಧ್ಯಯನದಲ್ಲಿ ಆ ನಂಬರ್ ಅಷ್ಟರಲ್ಲಿ ಅಪರಿಚಿತರ ಜೇಬಿನಲ್ಲಿರಬಹುದು. ಆದ್ದರಿಂದ ಮೊದಲ ಮೆಸೇಜಿನಲ್ಲಿ ಕಾಯಿಲೆಯ ಹೆಸರು ಬರಬಾರದು. ವರ್ಷದ ನಡುವೆ ಒಂದೆರಡು ಸಲ ಏನೂ ಕೇಳದೆ ಬರೀ "ಹೇಗಿದ್ದೀರಿ, ನಂಬರ್ ಇದೇ ಇದೆಯಾ" ಎಂದು ವಿಚಾರಿಸುವ ಕರೆಗೆ ಬಜೆಟ್ ಇಡಿ. ಅನುದಾನ ಕೊಡುವವರಿಗೆ ಇದು ದಂಡದ ಖರ್ಚು ಎನಿಸುತ್ತದೆ. ಕಳೆದುಹೋದ ಒಬ್ಬರನ್ನು ಹುಡುಕಲು ಜೀಪು ಮಾಡಿಕೊಂಡು ಹೋಗುವ ಖರ್ಚನ್ನು ಪಕ್ಕದಲ್ಲಿಟ್ಟು ತೋರಿಸಿ.

ಈಗ ಎಸ್‌ಎಂಎಸ್. ಡ್ಯಾಶ್‌ಬೋರ್ಡಿನಲ್ಲಿ "ಕಳಿಸಲಾಗಿದೆ" ಎಂದು ಹಸಿರು ಟಿಕ್ ಬಿದ್ದ ಕೂಡಲೇ ಮುಟ್ಟಿತು ಎಂದುಕೊಳ್ಳುವುದು ಈ ಕೆಲಸದ ಅತಿ ಸಾಮಾನ್ಯ ಭ್ರಮೆ. ಡೆಲಿವರಿ ರಿಪೋರ್ಟ್ ಬೇರೆಯೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಸಾಮೂಹಿಕವಾಗಿ ಕಳಿಸುವ ಮೆಸೇಜಿನ ಕಳುಹಿಸುವವರ ಹೆಸರು ಮತ್ತು ಒಕ್ಕಣೆ ಎರಡೂ ಡಿಎಲ್‌ಟಿ ವೇದಿಕೆಯಲ್ಲಿ (ಮೊಬೈಲ್ ಕಂಪನಿಗಳು ನಡೆಸುವ ನೋಂದಣಿ ವ್ಯವಸ್ಥೆ) ನೋಂದಣಿಯಾಗಿರಬೇಕು. ಅದರ ಜೊತೆಗೆ 2024ರ ಅಕ್ಟೋಬರ್ 1ರಿಂದ, ಮುಂಚೆಯೇ ಅನುಮತಿ ಪಟ್ಟಿಗೆ ಸೇರಿಸದ ಲಿಂಕ್ ಇರುವ ಮೆಸೇಜುಗಳನ್ನು ತಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮೊಬೈಲ್ ಕಂಪನಿಗಳಿಗೆ ಸೂಚಿಸಿದೆ. ಹಿಂದಿನ ಸುತ್ತಿನಲ್ಲಿ ಚೆನ್ನಾಗಿ ಓಡಿದ್ದ ಲಿಂಕ್ ಈ ಸುತ್ತಿನಲ್ಲಿ ಇದ್ದಕ್ಕಿದ್ದಂತೆ ಸತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಕನ್ನಡದಲ್ಲಿ ಮೆಸೇಜು ಬರೆದಾಗ ಇನ್ನೊಂದು ಸೂಕ್ಷ್ಮ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಸಿದರೆ ಯೂನಿಕೋಡಿನದಕ್ಕೆ 70 ಮಾತ್ರ. ಅದಕ್ಕಿಂತ ಉದ್ದವಾದರೆ ಒಂದೊಂದು ತುಂಡಿಗೆ 67. ಆ ಎಣಿಕೆಯೂ ನಾವು ಕಣ್ಣಲ್ಲಿ ಎಣಿಸುವಂತಲ್ಲ. "ಪ್ರಶ್ನಾವಳಿ" ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಹತ್ತು: ಒತ್ತಕ್ಷರ, ಗುಣಿತದ ಚಿಹ್ನೆ, ನಡುವಿನ ಅರ್ಧಚಿಹ್ನೆ ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ನಾಲ್ಕು ಸಾಲಿನ ವಿನಯದ ಕೋರಿಕೆ ಐದಾರು ತುಂಡಾಗುತ್ತದೆ, ಬಿಲ್ಲೂ ಅಷ್ಟು ಪಟ್ಟು ಏರುತ್ತದೆ. ಲಿಂಕ್ ಕೊನೆಯ ತುಂಡಿನಲ್ಲಿದ್ದು, ಹಳೆಯ ಕೀಪ್ಯಾಡ್ ಫೋನಿನಲ್ಲಿ ಅದೊಂದು ಬಾರದೆ ಉಳಿದರೆ ಕೋರಿಕೆಯೆಲ್ಲ ವ್ಯರ್ಥ. ಮೆಸೇಜು ಚಿಕ್ಕದಿರಲಿ, ಲಿಂಕ್ ಮೊದಲೇ ಬರಲಿ.

ಮುಟ್ಟಿದೆ, ಆದರೆ ತೆರೆದೇ ನೋಡಿಲ್ಲ

ಪರೀಕ್ಷೆ ಸುಲಭ. ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ನೆಂಟರ ಫೋನಿಗೆ ಅದೇ ಮೆಸೇಜು ಕಳಿಸಿ, ಏನೂ ಹೇಳದೆ ಅವರ ಮುಖ ನೋಡಿ. ಅಪರಿಚಿತ ನಂಬರ್, ತುಂಡರಿಸಿದ ಲಿಂಕ್, "ಕೂಡಲೇ ಭರ್ತಿ ಮಾಡಿ" ಎಂಬ ಮಾತು: ಬ್ಯಾಂಕ್ ಖಾತೆ ಖಾಲಿ ಮಾಡುವವರು ಕಳಿಸುವುದೂ ಥೇಟ್ ಇಂಥದ್ದೇ. ಸೈಬರ್ ವಂಚನೆಗೆ 1930ಕ್ಕೆ ಕರೆ ಮಾಡಿ ಎಂದು ದಿನವೂ ಕೇಳಿಸಿಕೊಳ್ಳುವ ಜನ ನಿಮ್ಮ ಲಿಂಕ್ ಒತ್ತದಿದ್ದರೆ ಅವರು ಜಾಣರು. ಅವರನ್ನು ದೂರುವಂತಿಲ್ಲ.

ಇಲ್ಲಿ ಹಿಡಿಯುವ ಮದ್ದು ಮುನ್ಸೂಚನೆ. ಪ್ರಶ್ನಾವಳಿ ಬರುವ ವಾರ ಮುಂಚೆ, ಅವರಿಗೆ ಪರಿಚಯವಿರುವ ಫೀಲ್ಡ್ ಸಹಾಯಕಿಯಿಂದಲೇ ಒಂದು ಕರೆ ಹೋಗಲಿ. ಲಂಡನ್ನಿನ ಸಂಶೋಧಕ ಫಿಲ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಪ್ರಶ್ನಾವಳಿಗೆ ಉತ್ತರ ಹೆಚ್ಚಿಸುವ ಉಪಾಯಗಳ ಮೇಲಿನ ಯಾದೃಚ್ಛಿಕ ಪ್ರಯೋಗಗಳನ್ನೆಲ್ಲ ಒಟ್ಟು ಹಾಕುತ್ತ ಬಂದಿದ್ದಾರೆ. 2002ರಲ್ಲಿ ಅವರ ಕೈಯಲ್ಲಿದ್ದದ್ದು 292 ಪ್ರಯೋಗ. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸುವ ಕಾಕ್ರೇನ್ ಸಂಸ್ಥೆಗಾಗಿ ಮಾಡಿದ 2009ರ ಪರಿಷ್ಕರಣೆಯ ಹೊತ್ತಿಗೆ ಅಂಚೆ ಪ್ರಶ್ನಾವಳಿಯ ಮೇಲೆಯೇ 481, ಎಲೆಕ್ಟ್ರಾನಿಕ್ ಪ್ರಶ್ನಾವಳಿಯ ಮೇಲೆ 32. ಮುನ್ಸೂಚನೆ ಕೊಟ್ಟರೆ ಉತ್ತರ ಬರುವ ಆಡ್ಸ್ (ಉತ್ತರ ಕೊಟ್ಟವರ ಸಂಖ್ಯೆಯನ್ನು ಕೊಡದವರ ಸಂಖ್ಯೆಯಿಂದ ಭಾಗಿಸಿದ್ದು) ಸುಮಾರು ಒಂದೂವರೆ ಪಟ್ಟು. ವಿಶ್ವವಿದ್ಯಾಲಯದ ಹೆಸರಿನಲ್ಲಿ ಹೋದರೆ ಒಂದಿಷ್ಟು ಹೆಚ್ಚು, ಲಕೋಟೆಯ ಮೇಲೆ ಕೈಯಲ್ಲೇ ವಿಳಾಸ ಬರೆದರೂ ಹೆಚ್ಚು, ಫ್ರಾಂಕಿಂಗ್ ಮುದ್ರೆಯ ಬದಲು ನಿಜವಾದ ಸ್ಟಾಂಪ್ ಅಂಟಿಸಿದ ವಾಪಸಾತಿ ಲಕೋಟೆ ಇಟ್ಟರೂ ಹೆಚ್ಚು. ಇಮೇಲಿನ ವಿಷಯದ ಸಾಲಿನಲ್ಲಿ "ಸರ್ವೆ" ಎಂದು ಹಾಕಿದರೆ ಮಾತ್ರ ಕಡಿಮೆ. ಸ್ಟಾಂಪ್ ಅಂಟಿಸುತ್ತ ಕೂರುವುದು ಬೇಸರದ ಕೆಲಸವೇ, ಆದರೂ ಮಾಡಿಸಿ.

ಕಾಲವನ್ನೂ ನೋಡಿಕೊಳ್ಳಿ. ಬಿತ್ತನೆ, ಕೊಯ್ಲು, ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಊರ ಜಾತ್ರೆ ಇವುಗಳ ನಡುವೆ ಫಾರಂ ಹೋದರೆ ಅದು ಪಂಚಾಂಗದ ತಪ್ಪೂ ಅಲ್ಲ, ಜನರ ತಪ್ಪೂ ಅಲ್ಲ. ಆಷಾಢದಲ್ಲಿ ಹೊಸ ಸೊಸೆಯರು ತವರಿಗೆ ಹೋಗಿರುತ್ತಾರೆ. ಬೆಳಗ್ಗೆ ಹನ್ನೊಂದಕ್ಕೆ ಮಾಡಿದ ಕರೆಗೆ ಕೂಲಿಗೆ ಹೋದವರು ಸಿಗುವುದಿಲ್ಲ. ಆರ್‌ಎನ್‌ಆರ್ ಆದ ನಂಬರಿಗೆ ಮರುದಿನವೂ ಅದೇ ಹನ್ನೊಂದಕ್ಕೆ ಕರೆ ಮಾಡುವ ಬದಲು ಸಂಜೆ ಏಳಕ್ಕೊಮ್ಮೆ, ಭಾನುವಾರಕ್ಕೊಮ್ಮೆ ಮಾಡಿ ನೋಡಿ.

ಶುರು ಮಾಡಿ ಅರ್ಧಕ್ಕೆ ಕೈಬಿಟ್ಟಿದ್ದಾರೆ

ಅರ್ಧ ತುಂಬಿದ ಫಾರಂಗಳನ್ನೆಲ್ಲ ಹರಡಿಕೊಂಡು, ಪ್ರತಿಯೊಂದರಲ್ಲೂ ಕೊನೆಯದಾಗಿ ಉತ್ತರಿಸಿದ ಪ್ರಶ್ನೆಯ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆಗಳು ಎಲ್ಲೆಂದರಲ್ಲಿ ಚದುರಿದ್ದರೆ ತೊಂದರೆ ಉದ್ದದ್ದು. ಒಂದೇ ಕಡೆ ಗುಂಪಾಗಿದ್ದರೆ ಅದರ ಮುಂದಿನ ಪ್ರಶ್ನೆಯೇ ಕಳ್ಳ. ಅದು ಆದಾಯದ್ದಿರಬಹುದು, ಕುಡಿತದ್ದಿರಬಹುದು, ಮುಟ್ಟಿನದಿರಬಹುದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದನ್ನು ಮಗನೋ ಸೊಸೆಯೋ ಓದಿ ಹೇಳಿ ತುಂಬುತ್ತಿದ್ದರೆ ಅಮ್ಮ ಏನು ಉತ್ತರ ಕೊಟ್ಟಾರು? ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಕಾಗದದ ಫಾರಂ ಕಳಿಸುವುದೇ ತಪ್ಪು ಆಯ್ಕೆ. ಫೋನಿನಲ್ಲಿ ಕೇಳಿ ತುಂಬಿಕೊಳ್ಳಿ, ಮುಜುಗರದ ಪ್ರಶ್ನೆಗಳಿಗೆ "ಪಕ್ಕದಲ್ಲಿ ಯಾರಾದರೂ ಇದ್ದಾರಾ ಅಮ್ಮ, ಆಮೇಲೆ ಮಾಡಲಾ?" ಎಂದು ಮೊದಲೇ ಕೇಳಿ.

ಉದ್ದ ಕಡಿಮೆ ಮಾಡಿದರೆ ಫಲ ಸಿಗುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿದೆ, ಎಡ್ವರ್ಡ್ಸ್ ಪರಿಶೀಲನೆಯಲ್ಲಿ ಚಿಕ್ಕ ಪ್ರಶ್ನಾವಳಿಗೆ ಆಡ್ಸ್ 1.6 ಪಟ್ಟಿನಷ್ಟು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1951ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಮಾರು 60,000 ವೈದ್ಯರಿಗೆ ಧೂಮಪಾನದ ಪ್ರಶ್ನಾವಳಿ ಕಳಿಸಿದಾಗ ಅದನ್ನು ಬೇಕೆಂದೇ ಬಹಳ ಚಿಕ್ಕದಾಗಿ, ಸರಳವಾಗಿ ಇಟ್ಟಿದ್ದರು. ಮೂರರಲ್ಲಿ ಎರಡು ಪಾಲು ಮಂದಿ, ಎಂದರೆ 40,000ಕ್ಕೂ ಹೆಚ್ಚು ವೈದ್ಯರು, ಉತ್ತರಿಸಿದರು. ಸೇರಿದವರನ್ನು 2001ರವರೆಗೆ, ಐವತ್ತು ವರ್ಷ, ಮತ್ತೆ ಮತ್ತೆ ಕೇಳಿದರು. ಪ್ರತಿ ಸಲವೂ ಬದುಕಿದ್ದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯ ಉತ್ತರ ಬಂತು. ನಮ್ಮಲ್ಲಿ ಒಂದು ಪ್ರಶ್ನಾವಳಿ ಸಿದ್ಧವಾಗುವ ರೀತಿ ಬೇರೆ. ಪ್ರತಿ ಸಹ-ಸಂಶೋಧಕರೂ ತಮ್ಮ ಎರಡು ಪುಟ ಸೇರಿಸುತ್ತಾರೆ, ಯಾರೂ ಒಂದು ಸಾಲೂ ತೆಗೆಯುವುದಿಲ್ಲ. ಪ್ರತಿ ಪ್ರಶ್ನೆಯ ಎದುರು "ಈ ಉತ್ತರ ಯಾವ ಟೇಬಲ್‌ಗೆ ಹೋಗುತ್ತದೆ" ಎಂದು ಬರೆಯಲು ಹೇಳಿ. ಬರೆಯಲಾಗದ್ದನ್ನು ತೆಗೆದುಬಿಡಿ.

ಕನ್ನಡದ ಫಾರಂಗೆ ಒಂದು ತಾಂತ್ರಿಕ ತಪಾಸಣೆ ಬೇಕೇ ಬೇಕು. ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದೆ, ಟೈಪ್ ಮಾಡಿದ ಕಡತದಿಂದ ನಕಲು ತೆಗೆದು ಆನ್‌ಲೈನ್ ಫಾರಂಗೆ ಅಂಟಿಸಿದರೆ ಆಫೀಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಎಲ್ಲವೂ ಸರಿ ಕಾಣಬಹುದು. ಫೋನಿನಲ್ಲಿ ತೆರೆದವರಿಗೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಅವರು ಮುಚ್ಚಿಟ್ಟು ಸುಮ್ಮನಾಗುತ್ತಾರೆ, ನಿಮ್ಮ ಲೆಕ್ಕದಲ್ಲಿ ಅದು "ಆಸಕ್ತಿ ಇಲ್ಲ". ಅಗ್ಗದ ಆಂಡ್ರಾಯ್ಡ್ ಫೋನೊಂದರಲ್ಲಿ, ವೈಫೈ ಇಲ್ಲದ ಕಡೆ, ಮೊದಲಿಂದ ಕೊನೆವರೆಗೆ ನೀವೇ ತುಂಬಿ ನೋಡಿ. ಗಂಟೆಗೊಂದು ಪುಟ ತೆರೆದರೆ ಉತ್ತರ ಅಲ್ಲೇ ಸಿಕ್ಕಿತು.

ಬಂದಿದೆ, ನಮೂದಾಗಿಲ್ಲ

ಇದು ಚಿಕ್ಕ ವಿಷಯ, ಆದರೆ ಸಿಕ್ಕಾಗ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಡೇಟಾ ಎಂಟ್ರಿ ಮೇಜಿನ ಮೇಲೆ ಬಾಕಿ ಎಷ್ಟಿದೆ, ಐಡಿ ಬರೆಯದೆ ಬಂದ ಫಾರಂ ಎಷ್ಟು, ಒಂದೇ ಐಡಿ ಎರಡು ಸಲ ನಮೂದಾಗಿದೆಯೇ, ಸರ್ವರಿಗೆ ಸಿಂಕ್ ಆಗದೆ ಟ್ಯಾಬ್‌ನಲ್ಲೇ ಉಳಿದ ಸಂದರ್ಶನಗಳಿವೆಯೇ ನೋಡಿ. ಕೆಲಸ ಬಿಟ್ಟು ಹೋದ ಸಿಬ್ಬಂದಿಯ ಟ್ಯಾಬ್ ಬೀರುವಿನಲ್ಲಿದ್ದರೆ ಅದನ್ನು ಮೊದಲು ಚಾರ್ಜಿಗೆ ಹಾಕಿ.

ಹೋದ ಸಲ ಕೊಟ್ಟವರು ಈ ಸಲ ಮುಖ ತಿರುಗಿಸುತ್ತಾರೆ

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಸಿಗುವ ಕಾರಣ ಹೆಚ್ಚು ಕಡಿಮೆ ಒಂದೇ. "ಹೋದ್ಸಲ ರಕ್ತ ತಗೊಂಡು ಹೋದ್ರಿ, ರಿಪೋರ್ಟೇ ಕೊಡ್ಲಿಲ್ಲ." ಬೆಳಗ್ಗೆ ತಿಂಡಿ ಬಿಟ್ಟು, ಒಂದು ದಿನದ ಕೂಲಿ ಬಿಟ್ಟು ಕಾದು ಕೂತವರಿಗೆ ಸಕ್ಕರೆ ಎಷ್ಟಿದೆ, ಬಿಪಿ ಎಷ್ಟಿದೆ ಎಂದು ಹೇಳದೆ ಹೋದದ್ದು ಅವರ ನೆನಪಿನಲ್ಲಿರುತ್ತದೆ. ಪ್ರಬಂಧ ಯಾವ ಜರ್ನಲ್ಲಿನಲ್ಲಿ ಬಂತು ಎಂಬುದು ಅವರಿಗೆ ಬೇಕಿಲ್ಲ. ರಿಪೋರ್ಟ್ ಮನೆಗೆ ತಲುಪಿಸಿ, ಅದರಲ್ಲಿ ಏನಿದೆ ಎಂದು ಕೂತು ಹೇಳಿ, ಹೆಚ್ಚುಕಮ್ಮಿ ಇದ್ದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಬರೆದುಕೊಡಿ. ಉಡುಗೊರೆಗಿಂತ ಇದಕ್ಕೆ ಬೆಲೆ ಹೆಚ್ಚು. ಇದು ನನ್ನ ಅಭಿಪ್ರಾಯ, ಪ್ರಯೋಗದ ಫಲಿತಾಂಶವಲ್ಲ, ಆದರೆ ಫೀಲ್ಡಿನವರಲ್ಲಿ ಇದನ್ನು ಅಲ್ಲಗಳೆಯುವವರನ್ನು ನಾನು ಕಂಡಿಲ್ಲ.

ಎರಡನೇ ಕಾರಣ ಸಿಬ್ಬಂದಿ ಬದಲಾಗುವುದು. ಜನ ಸೇರಿದ್ದು ಸಂಸ್ಥೆಯನ್ನು ನೋಡಿ ಅಲ್ಲ, ಮನೆಗೆ ಬಂದ ಹುಡುಗಿಯ ಮುಖ ನೋಡಿ. ಆಕೆ ಹನ್ನೊಂದು ತಿಂಗಳ ಗುತ್ತಿಗೆ ಮುಗಿದು ಹೋದಳು, ಹೊಸಬಳು ಬಂದು ಮತ್ತೆ "ನಿಮ್ಮ ವಯಸ್ಸೆಷ್ಟು, ಎಷ್ಟನೇ ಕ್ಲಾಸು ಓದಿದ್ದೀರಿ" ಎಂದು ಶುರು ಮಾಡಿದರೆ ಯಾರಿಗೆ ಸಹನೆ ಇರುತ್ತದೆ? ಮೊದಲೇ ಕೊಟ್ಟ ಮಾಹಿತಿ ಪ್ರಿಂಟ್ ಆಗಿಯೇ ಬರಲಿ. ಬದಲಾಗಿದ್ದರೆ ಮಾತ್ರ ತಿದ್ದುವಂತಿರಲಿ.

ದೀರ್ಘ ಕಾಲ ಬಾಳಿದ ಅಧ್ಯಯನಗಳು ಈ ನಂಟಿಗೆ ದುಡ್ಡು ಖರ್ಚು ಮಾಡಿವೆ. 1946ರ ಮಾರ್ಚಿನಲ್ಲಿ ಹುಟ್ಟಿದವರನ್ನು ಹಿಂಬಾಲಿಸುವ ಬ್ರಿಟನ್ನಿನ ಅಧ್ಯಯನ ತನ್ನ ಸದಸ್ಯರಿಗೆ ಪ್ರತಿ ವರ್ಷ ಹುಟ್ಟುಹಬ್ಬದ ಕಾರ್ಡ್ ಕಳಿಸುತ್ತ ಬಂದಿದೆ. ಕಾರ್ಡಿನಿಂದ ಸಂತೋಷ ಒಂದು, ವಿಳಾಸ ಹಳತಾಗಿದ್ದರೆ ಕಾರ್ಡು ವಾಪಸ್ ಬಂದು ಅದೂ ಗೊತ್ತಾಗುತ್ತದೆ. ನ್ಯೂಜಿಲೆಂಡಿನ ಡನೀಡನ್ ಅಧ್ಯಯನ 1972-73ರಲ್ಲಿ ಹುಟ್ಟಿದ 1,037 ಮಕ್ಕಳದು. ಅವರಿಗೆ 45 ವರ್ಷವಾದಾಗ ಬದುಕಿದ್ದ 997 ಮಂದಿಯಲ್ಲಿ 938 ಮಂದಿ ಬಂದು ತಪಾಸಣೆ ಮಾಡಿಸಿಕೊಂಡರು. ಬೇರೆ ದೇಶಕ್ಕೆ ಹೋದವರನ್ನೂ ವಿಮಾನದ ಟಿಕೆಟ್ ಕೊಟ್ಟು ಕರೆಸಿಕೊಳ್ಳುತ್ತಾರೆ. ನಮಗೆ ವಿಮಾನ ಬೇಡ. ತಪಾಸಣಾ ಕೇಂದ್ರಕ್ಕೆ ಕರೆಸುವುದಾದರೆ ಬಸ್ ಚಾರ್ಜು, ದಿನದ ಕೂಲಿ, ಮಧ್ಯಾಹ್ನದ ಊಟ ಕೊಟ್ಟರೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯೂ ಪ್ರಯಾಣದ ಖರ್ಚು, ಕೂಲಿ ನಷ್ಟ ತುಂಬಿಕೊಡಲು ಅವಕಾಶ ಕೊಡುತ್ತದೆ, ಆಮಿಷವಾಗುವಷ್ಟು ಕೊಡಬಾರದು ಎನ್ನುತ್ತದೆ.

ಈಗ ರಿಮೈಂಡರ್, ಈಗ ದುಡ್ಡು

ಮೇಲಿನದೆಲ್ಲ ನೋಡಿಯಾದ ಮೇಲೆ ಉಳಿದವರು ನಿಜವಾಗಿಯೂ "ಮುಟ್ಟಿದೆ, ಉತ್ತರವಿಲ್ಲ" ಗುಂಪಿನವರು. ಇವರಿಗೇ ರಿಮೈಂಡರ್ ಇರುವುದು. ಬರೀ ನೆನಪಿನೋಲೆ ಕಳಿಸಬೇಡಿ, ಪ್ರಶ್ನಾವಳಿಯ ಇನ್ನೊಂದು ಪ್ರತಿಯನ್ನೂ ಜೊತೆಗಿಡಿ, ಮೊದಲನೆಯದು ಎಲ್ಲಿಟ್ಟೆ ಎಂಬುದು ಅವರಿಗೆ ಮರೆತಿರುತ್ತದೆ. ಅಮೆರಿಕದ ನರ್ಸಸ್ ಹೆಲ್ತ್ ಸ್ಟಡಿ 1976ರಲ್ಲಿ 1,21,700 ದಾದಿಯರೊಂದಿಗೆ ಶುರುವಾಗಿ ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ಕಳಿಸುತ್ತ ಬಂದಿದೆ, ಸುತ್ತಿಗೆ ಶೇ 90ರ ಆಸುಪಾಸಿನ ಪ್ರಮಾಣ ಉಳಿಸಿಕೊಂಡಿದೆ. ಅದರ ಗುಟ್ಟು ಒಂದೇ ಸುತ್ತಿನಲ್ಲಿ ಹಲವು ಸಲ ಕಳಿಸುವುದು, ಕೊನೆಕೊನೆಗೆ ಬಾಕಿ ಉಳಿದವರಿಗೆ ಮುಖ್ಯ ಪ್ರಶ್ನೆಗಳಷ್ಟೇ ಇರುವ ಸಂಕ್ಷಿಪ್ತ ಫಾರಂ ಕಳಿಸುವುದು. ಎಲ್ಲ ಉತ್ತರ ಸಿಗದಿದ್ದರೆ ಹೋಗಲಿ, ಆ ಎರಡು ವರ್ಷದಲ್ಲಿ ಯಾವ ಕಾಯಿಲೆ ಬಂತು ಎಂಬುದೊಂದಾದರೂ ಸಿಗಲಿ ಎಂಬ ಲೆಕ್ಕ. ಇದನ್ನು ನಾವೂ ಧಾರಾಳವಾಗಿ ಕಲಿಯಬಹುದು.

ದುಡ್ಡಿನ ವಿಷಯ. ಎಡ್ವರ್ಡ್ಸ್ ಪರಿಶೀಲನೆಯಲ್ಲಿ ಹಣ ಕೊಟ್ಟರೆ ಆಡ್ಸ್ ಸುಮಾರು ಎರಡು ಪಟ್ಟು. ಉತ್ತರ ಕೊಟ್ಟ ಮೇಲೆ ಕೊಡುವುದಕ್ಕಿಂತ ಪ್ರಶ್ನಾವಳಿಯ ಜೊತೆಗೇ, ಷರತ್ತಿಲ್ಲದೆ, ಕೊಡುವುದು ಮೇಲು. ಆದರೆ ಆಡ್ಸ್ ಎರಡು ಪಟ್ಟಾದರೆ ಉತ್ತರ ಎರಡು ಪಟ್ಟಾಗುತ್ತದೆ ಎಂದು ಅನುದಾನದ ಅರ್ಜಿಯಲ್ಲಿ ಬರೆಯಬೇಡಿ. ಈಗ ಶೇ 50 ಇದ್ದರೆ ಅದು ಶೇ 67 ಆಗುತ್ತದೆ. ಈಗಾಗಲೇ ಶೇ 80 ಇದ್ದರೆ ಶೇ 89. ಆ ಅಂಕಿಗಳಲ್ಲಿ ಬಹುಪಾಲು ಶ್ರೀಮಂತ ದೇಶಗಳ ಅಂಚೆಯಿಂದ ಬಂದದ್ದು, ಅದೂ ಹೆಚ್ಚಾಗಿ ಒಂದೇ ಸಲದ ಸಮೀಕ್ಷೆಗಳದ್ದು. ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರಲ್ಲಿ ನಡೆಸುತ್ತಿರುವಂಥ, ಜನರನ್ನು ಮುಖಾಮುಖಿ ಕಂಡು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಕ್ಕೆ ಅವು ಹಾಗೇ ಹೊಂದಬೇಕೆಂದೇನೂ ಇಲ್ಲ.

ಆದ್ದರಿಂದ ನಿಮ್ಮ ಅಧ್ಯಯನದೊಳಗೇ ಒಂದು ಪ್ರಯೋಗ ಇಟ್ಟುಕೊಳ್ಳಿ. ಐಡಿಗಳನ್ನು ಲಾಟರಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮುನ್ಸೂಚನೆಯ ಕರೆ, ಇನ್ನೊಂದಕ್ಕೆ ಇಲ್ಲ. ನೈತಿಕ ಸಮಿತಿಗೆ ಮುಂಚೆಯೇ ತಿಳಿಸಿ. ಒಂದು ಎಚ್ಚರ: ಶೇ 60ರಿಂದ 65ಕ್ಕೆ ಏರಿದ್ದನ್ನು ಖಚಿತವಾಗಿ ಹಿಡಿಯಲು ಒಂದೊಂದು ಗುಂಪಿನಲ್ಲಿ ಸುಮಾರು 1,500 ಮಂದಿ ಬೇಕು. ಇನ್ನೂರು ಮಂದಿಯಲ್ಲಿ ಮಾಡಿ "ಕೆಲಸ ಮಾಡಲಿಲ್ಲ" ಎಂದು ಬದಿಗಿಟ್ಟ ಉಪಾಯಗಳಲ್ಲಿ ಒಳ್ಳೆಯವೂ ಇದ್ದಿರಬಹುದು.

ಪ್ರಮಾಣ ಏರಿತು, ದೋಷ ಹೋಗಲಿಲ್ಲ

ಶೇ 55ರಿಂದ 70ಕ್ಕೆ ಏರಿಸಿದಿರಿ ಎಂದಿಟ್ಟುಕೊಳ್ಳೋಣ. ಹೊಸದಾಗಿ ಸಿಕ್ಕ ಆ ಹದಿನೈದು ಯಾರು? ಮೊದಲೇ ಉತ್ತರಿಸುತ್ತಿದ್ದಂಥ, ಓದಿದ, ಪೇಟೆಯಲ್ಲಿರುವ, ಗಟ್ಟಿಮುಟ್ಟಾದವರೇ ಇನ್ನಷ್ಟು ಸೇರಿದ್ದರೆ ನಿಮ್ಮ ಅಂದಾಜು ಸತ್ಯದಿಂದ ಇನ್ನೂ ದೂರ ಹೋಗಿರಬಹುದು. ಬ್ರಿಟನ್ನಿನ ದೊಡ್ಡ ಆರೋಗ್ಯ ಅಧ್ಯಯನವಾದ ಯುಕೆ ಬಯೋಬ್ಯಾಂಕ್ 92 ಲಕ್ಷ ಜನರಿಗೆ ಆಹ್ವಾನ ಕಳಿಸಿ 5 ಲಕ್ಷ ಮಂದಿಯನ್ನು ಸೇರಿಸಿಕೊಂಡಿತು, ಶೇ 5.5. ಸೇರಿದವರು ಸಾಮಾನ್ಯ ಜನರಿಗಿಂತ ಆರೋಗ್ಯವಂತರು, ಅನುಕೂಲಸ್ಥರು, ಕಡಿಮೆ ಧೂಮಪಾನಿಗಳು ಎಂಬುದನ್ನು ಅವರೇ ಹೋಲಿಸಿ ಪ್ರಕಟಿಸಿದ್ದಾರೆ. ಪ್ರತಿಕ್ರಿಯಾ ಪ್ರಮಾಣಕ್ಕೂ ಪಕ್ಷಪಾತಕ್ಕೂ ನಂಟು ನಾವೆಣಿಸಿದಷ್ಟು ಗಟ್ಟಿಯಲ್ಲ ಎಂದು ಅಮೆರಿಕದ ಸಮೀಕ್ಷಾ ತಜ್ಞ ರಾಬರ್ಟ್ ಗ್ರೋವ್ಸ್ 2006ರಲ್ಲೇ ಹಲವು ಸಮೀಕ್ಷೆಗಳನ್ನು ಒಟ್ಟಿಗಿಟ್ಟು ತೋರಿಸಿದ್ದರು.

ದೀರ್ಘಾವಧಿಯ ಅಧ್ಯಯನಕ್ಕೆ ಇಲ್ಲಿ ಒಂದು ಅನುಕೂಲವಿದೆ: ಉತ್ತರ ಕೊಡದವರ ಬಗ್ಗೆಯೂ ಮೊದಲ ಸುತ್ತಿನ ಮಾಹಿತಿ ನಮ್ಮ ಕೈಯಲ್ಲೇ ಇದೆ. ಬಂದವರು, ಬಾರದವರು ಎಂದು ಎರಡು ಕಾಲಂ ಮಾಡಿ ವಯಸ್ಸು, ಲಿಂಗ, ಓದು, ಊರು, ಮೊದಲ ಸುತ್ತಿನ ಸಕ್ಕರೆ, ಬಿಪಿ, ಖಿನ್ನತೆಯ ಅಂಕ ಇಟ್ಟು ನೋಡಿ. ಬಾರದವರಲ್ಲಿ ಖಿನ್ನತೆಯ ಅಂಕ ಹೆಚ್ಚಿದ್ದರೆ, ಮುಂದಿನ ಸುತ್ತಿನ ಓಡಾಟದ ದುಡ್ಡನ್ನು ಎಲ್ಲರಿಗೂ ಹಂಚದೆ ಅವರ ಮನೆಗಳ ಕಡೆಗೇ ತಿರುಗಿಸಿ. ಆಗ ಒಟ್ಟು ಪ್ರಮಾಣ ಅರ್ಧ ಅಂಕವಷ್ಟೇ ಏರಬಹುದು, ವರದಿಯಲ್ಲಿ ಚೆನ್ನಾಗಿ ಕಾಣದಿರಬಹುದು. ಆದರೂ ಅದೇ ಸರಿಯಾದ ಖರ್ಚು.

ಇನ್ನು, ಬೇಡ ಅಂದವರು. "ಈಗ ಬಿಡುವಿಲ್ಲ, ಆಮೇಲೆ ಬನ್ನಿ" ಅಂದದ್ದನ್ನು ನಿರಾಕರಣೆ ಎಂದು ನಮೂದಿಸಬೇಡಿ. ಅಂಥವರನ್ನು ಮುಂದಿನ ಸುತ್ತಿನ ಪಟ್ಟಿಯಲ್ಲಿ ಉಳಿಸಿ. ಒಂದು ಸುತ್ತು ತಪ್ಪಿಸಿದವರನ್ನು ಸಾಫ್ಟ್‌ವೇರ್ ತಾನಾಗಿ ತೆಗೆದುಹಾಕುವ ಸೆಟ್ಟಿಂಗ್ ಇದ್ದರೆ ಇವತ್ತೇ ಆಫ್ ಮಾಡಿಸಿ, ಮೂರನೇ ಸುತ್ತಿಗೆ ಬಾರದವರು ನಾಲ್ಕನೆಯದಕ್ಕೆ ಬರುವುದು ಉಂಟು. "ಇನ್ನು ಮೇಲೆ ಫೋನ್ ಮಾಡಬೇಡಿ" ಎಂದವರದು ಬೇರೆ ಮಾತು. ಆ ಐಡಿಯನ್ನು ಎಸ್‌ಎಂಎಸ್, ಅಂಚೆ, ಕರೆ ಮೂರೂ ಪಟ್ಟಿಯಿಂದ ಅದೇ ದಿನ ತೆಗೆಯಿರಿ. ಅದುವರೆಗಿನ ಮಾಹಿತಿ ಉಳಿಸಿಕೊಳ್ಳಬಹುದೇ ಎಂದು ಕೇಳಿ, ಅವರು ಹೇಳಿದ್ದನ್ನು ದಿನಾಂಕ ಸಹಿತ ಬರೆದಿಡಿ. ಕಾಲ್ ಶೀಟ್ ಹೊಸ ಸಿಬ್ಬಂದಿಯ ಕೈಗೆ ಹೋಗುವಾಗ ಆ ಐಡಿ ಅದರಲ್ಲಿ ಉಳಿದಿಲ್ಲ ತಾನೇ ಎಂದು ಇನ್ನೊಮ್ಮೆ ನೋಡಿ ಕೊಡಿ.